ಹರಾಜಿನ ಶಕ್ತಿಮಾನ್ ಟ್ರಕ್: ಬಿಸಿಯಾದ ಮೇಲೆ ರಿವರ್ಸ್ ಕಚ್ಚಲ್ಲ, ಥರ್ಡ್ ಗೇರ್ ಹಾರುತ್ತೆ. ಗೇರ್‌ಬಾಕ್ಸ್ ಇಳಿಸಲೇಬೇಕಾ?

ಹೊಸಕೋಟೆ ಫೋರ್ ಬೈ ಫೋರ್:

ಗಾಡಿ ಮಿಲಿಟರಿ ಹರಾಜಿನ ಶಕ್ತಿಮಾನ್, ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿಯದು. ಐದು ಗೇರ್, ಎರಡು ಸ್ಪೀಡಿನ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ), ಮುಂದಿನ ಆಕ್ಸಲ್‌ಗೆ ಬೇರೆ ಲಿವರ್. ಗೇರ್‌ಬಾಕ್ಸ್ ಯಾವಾಗಲೋ ಬದಲಾಗಿರುವ ಹಾಗಿದೆ. ಮೇಲಿನ ಹಸಿರು ಕೆರೆದರೆ ಕೆಳಗೆ ಬೂದು ಬಣ್ಣ ಬರುತ್ತೆ, ನಂಬರ್ ಪ್ಲೇಟ್ ಉಜ್ಜಿಹೋಗಿ ಓದಲು ಆಗಲ್ಲ.

ತೊಂದರೆಗಳು ಇವು. ಬೆಳಿಗ್ಗೆ ತಣ್ಣಗಿದ್ದಾಗ ರಿವರ್ಸ್ ಸಲೀಸಾಗಿ ಬೀಳುತ್ತೆ. ಹೊಸಕೋಟೆಯಿಂದ ಕೆ.ಆರ್.ಪುರ ಟ್ರಾಫಿಕ್ ದಾಟುವಷ್ಟರಲ್ಲಿ ರಿವರ್ಸ್, ಫಸ್ಟ್ ಎರಡೂ ಕರಕರ. ಸೆಕೆಂಡ್‌ನಿಂದ ಥರ್ಡ್‌ಗೆ ಹಾಕುವಾಗ ಮಾತ್ರ ಬಿಸಿ ತಣ್ಣಗೆ ಅಂತಿಲ್ಲ, ಯಾವಾಗಲೂ ಕೂಗುತ್ತೆ. ನಂದಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಥರ್ಡ್ ಹಾರಿ ನ್ಯೂಟ್ರಲ್‌ಗೆ ಬರುತ್ತೆ. ಮುಂದಿನ ಆಕ್ಸಲ್ ಲಿವರ್ ಡಾಂಬರು ರಸ್ತೆ ಮೇಲೆ ಬಂದ ಮೇಲೆ ಬಿಡಿಸೋಕೆ ಆಗಲ್ಲ. ಬಾಕ್ಸ್‌ನ ಹಿಂದಿನ ಆಯಿಲ್ ಸೀಲ್ ವರ್ಷಕ್ಕೆ ಎರಡು ಸಲ ಬದಲಾಯಿಸಿದರೂ ಸೋರುತ್ತೆ. ಹಾಕಿರುವ ಗೇರ್ ಆಯಿಲ್ 85ಡಬ್ಲ್ಯು-140 (ಅದು ಆಯಿಲ್‌ನ ದಪ್ಪದ ಅಂಕಿ), ಗುಣದರ್ಜೆ ಜಿಎಲ್-5.

ಗ್ಯಾರೇಜಿನಲ್ಲಿ ಹೇಳಿದ್ದು: ಸಿಂಕ್ರೊ ರಿಂಗ್ (ಗೇರ್ ಬೀಳುವ ಮೊದಲು ವೇಗ ಸಮ ಮಾಡುವ ಉಂಗುರ) ಹೋಗಿದೆ, ಇಳಿಸಿ ಫುಲ್ ಓವರ್‌ಹಾಲ್ ಮಾಡಬೇಕು. ಇಳಿಸುವ ಮೊದಲು ಮಾಡಿ ನೋಡಬಹುದಾದ ಪರೀಕ್ಷೆಗಳು ಇದ್ದರೆ ಹೇಳಿ.


ಡಬಲ್ ಕ್ಲಚ್:

ಸಿಂಕ್ರೊ ಹೋಗಿದೆ ಅನ್ನುವ ಮೊದಲು ಆ ಬಾಕ್ಸ್‌ನಲ್ಲಿ ಸಿಂಕ್ರೊ ಇದೆಯಾ ಅಂತ ನೋಡಿ ಸಾರ್. ಆ ಕಾಲದ ಹೆವಿ ಗಾಡಿಗಳಲ್ಲಿ ಎರಡೂ ಥರದ ಬಾಕ್ಸ್ ಇವೆ. ಜರ್ಮನಿಯ ಗೇರ್‌ಬಾಕ್ಸ್ ಕಂಪನಿ ಜೆಡ್‌ಎಫ್ ಹೆಸರಿಡುವ ಪದ್ಧತಿಯಲ್ಲಿ 'ಎಕೆ' ಅಂದರೆ ಎಲ್ಲಾ ಗೇರೂ ಡಾಗ್ ಕ್ಲಚ್ (ಹಲ್ಲಿಗೆ ಹಲ್ಲು ನೇರವಾಗಿ ಕಚ್ಚುವ ಜೋಡಣೆ), ಸಿಂಕ್ರೊ ಇಲ್ಲ. 'ಎಸ್' ಅಂದರೆ ಸಿಂಕ್ರೊಮೆಶ್. ಅಕ್ಷರದ ಪಕ್ಕದ ಅಂಕಿ ಗೇರಿನ ಸಂಖ್ಯೆ. ನಿಮ್ಮ ಪ್ಲೇಟ್ ಉಜ್ಜಿಹೋಗಿದ್ದರೆ ಟಾಪ್ ಕವರ್ ಬಿಚ್ಚಿ ಕಣ್ಣಲ್ಲೇ ನೋಡಿ. ಸ್ಲೀವ್ (ಗೇರ್ ಹಾಕುವಾಗ ಜಾರುವ ಬಳೆ) ಮತ್ತು ಗೇರ್ ನಡುವೆ ಹಳದಿ ಲೋಹದ ಕೋನ್ ರಿಂಗ್ ಇದ್ದರೆ ಸಿಂಕ್ರೊ. ಬರೀ ದಪ್ಪ ಹಲ್ಲುಗಳು ಎದುರುಬದುರು ಇದ್ದರೆ ಡಾಗ್.

ಡಾಗ್ ಬಾಕ್ಸ್ ಆಗಿದ್ದರೆ ಸೆಕೆಂಡ್–ಥರ್ಡ್ ಕೂಗು ರಿಪೇರಿಯ ವಿಷಯವೇ ಅಲ್ಲ, ಓಡಿಸುವ ವಿಷಯ. ಏರಿಸುವಾಗ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಪೂರ್ತಿ ಬಿಡಿ, ಎಂಜಿನ್ ಆರ್‌ಪಿಎಂ ಇಳಿಯುವವರೆಗೆ ಒಂದು ಕ್ಷಣ ಕಾಯಿರಿ, ಮತ್ತೆ ಕ್ಲಚ್ ಒತ್ತಿ ಗೇರ್. ಇಳಿಸುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಸಲ ಒತ್ತಿ, ಆಮೇಲೆ ಗೇರ್. ಹೀಗೆ ಮಾಡಿದಾಗ ಸದ್ದಿಲ್ಲದೆ ಬಿದ್ದರೆ ಆ ದೂರು ಅಲ್ಲಿಗೇ ಮುಗೀತು.

ಬಿಸಿಯಾದಾಗ ರಿವರ್ಸ್, ಫಸ್ಟ್ ಕೂಗುವುದು ಬೇರೆ ರೋಗ. ಗಾಡಿ ನಿಂತಿದೆ ಅಂದರೆ ಮೇನ್ ಶಾಫ್ಟ್ (ಚಕ್ರದ ಕಡೆಯದು) ನಿಂತಿದೆ. ಪೆಡಲ್ ಒತ್ತಿದ ಮೇಲೆ ಲೇ ಶಾಫ್ಟ್ (ಎಂಜಿನ್ ಕಡೆಯಿಂದ ತಿರುಗುವುದು) ಕೂಡ ನಿಲ್ಲಬೇಕು. ನಿಲ್ಲುತ್ತಿಲ್ಲ ಅಂದರೆ ಕ್ಲಚ್ ಎಳೀತಿದೆ (ಪೂರ್ತಿ ಬಿಡ್ತಿಲ್ಲ), ಬಾಕ್ಸ್ ಒಳಗೆ ಕೈ ಹಾಕಿ ಪ್ರಯೋಜನ ಇಲ್ಲ. ಈ ಕ್ರಮದಲ್ಲಿ ನೋಡಿ:

ಎಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಒಂದೊಂದಾಗಿ ಹಾಕಿ. ಒಂದೆರಡು ಗೇರ್ ಹಲ್ಲಿಗೆ ಹಲ್ಲು ತಾಗಿ ನಿಲ್ಲಬಹುದು, ಗಾಡಿ ಅರ್ಧ ಅಡಿ ಉರುಳಿಸಿದರೆ ಬೀಳುತ್ತೆ. ಎಲ್ಲವೂ ಬಿದ್ದರೆ ಲಿವರ್, ಫೋರ್ಕ್ (ಸ್ಲೀವ್ ಜಾರಿಸುವ ಕವೆ), ಲಿಂಕೇಜ್ ಸರಿ ಇವೆ.

ಗಾಡಿ ಬಿಸಿಯಾದ ಮೇಲೆ, ಸಮತಟ್ಟಿನಲ್ಲಿ, ಟ್ರಾನ್ಸ್‌ಫರ್ ಕೇಸ್ ಹೈನಲ್ಲಿಟ್ಟು ಐಡಲ್‌ನಲ್ಲಿ ಪೆಡಲ್ ನೆಲಕ್ಕೊತ್ತಿ ಹತ್ತು ಎಣಿಸಿ ರಿವರ್ಸ್ ಹಾಕಿ. ಹತ್ತರ ನಂತರವೂ ಕರಕರ ಅಂದರೆ ಎಳೆತ ಖಚಿತ. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ನಲ್ಲಿಟ್ಟು ಈ ಪರೀಕ್ಷೆ ಮಾಡಬೇಡಿ. ಆಗ ಮೇನ್ ಶಾಫ್ಟ್ ಸಡಿಲವಾಗಿ ತಾನೂ ತಿರುಗುತ್ತೆ, ಸದ್ದೇ ಬರಲ್ಲ, ಮೋಸ ಹೋಗ್ತೀರಿ.

ಆಮೇಲೆ ನಾಲ್ಕೂ ಚಕ್ರಕ್ಕೆ ಅಡ್ಡ ಕೊಟ್ಟು, ಮುಂದೆ ಯಾರೂ ಇಲ್ಲದ ಹಾಗೆ ನೋಡಿ, ಫಸ್ಟ್‌ನಲ್ಲಿ ಪೆಡಲ್ ಒತ್ತಿಕೊಂಡೇ ಆರ್‌ಪಿಎಂ 1500ರವರೆಗೆ ಏರಿಸಿ. ಗಾಡಿ ಅಡ್ಡಕ್ಕೆ ಒರಗಿದರೆ ಇನ್ನು ಅನುಮಾನ ಬೇಡ.

ಕಾರಣ ಹುಡುಕುವಾಗ ಪೆಡಲ್‌ನಿಂದ ಶುರು ಮಾಡಿ. ರಾಡ್ ಲಿಂಕೇಜ್ ಆಗಿದ್ದರೆ ಪ್ರತಿ ಕ್ಲೆವಿಸ್ ಪಿನ್ (ರಾಡ್‌ಗಳ ಕೀಲಿನ ಪಿನ್) ಬಿಚ್ಚಿ ರಂಧ್ರ ನೋಡಿ, ಮೊಟ್ಟೆಯಾಕಾರ ಆಗಿರುತ್ತೆ. ಮೂರು ಪಿನ್‌ನಲ್ಲಿ ಒಂದೊಂದು ಮಿಲಿಮೀಟರ್ ಸವೆದರೂ ರಿಲೀಸ್ ಬೇರಿಂಗ್ ಹತ್ತಿರ ಆ ನಷ್ಟ ಸಣ್ಣದಲ್ಲ. ಹೈಡ್ರಾಲಿಕ್ ಆಗಿದ್ದರೆ ಗಾಳಿ ತೆಗೆದು, ಹಳೇ ರಬ್ಬರ್ ಹೋಸ್ ಒತ್ತಿದಾಗ ಉಬ್ಬುತ್ತಾ ನೋಡಿ. ಕೊನೆಗೆ ಬೆಲ್ ಹೌಸಿಂಗ್ ಕೆಳಗಿನ ಇನ್‌ಸ್ಪೆಕ್ಷನ್ ಪ್ಲೇಟ್ ತೆಗೆದು, ಒಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಕ್ಲಚ್ ಪ್ಲೇಟಿನ ಎರಡೂ ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. ಒಂದೊಂದು ಕಡೆ ಅರ್ಧ ಮಿಲಿಮೀಟರ್ ಆದರೂ ಜಾಗ ಬೇಕು. ಎಂಜಿನ್ ಆಫ್ ಆಗಿರಬೇಕು, ಬ್ಯಾಟರಿ ವೈರ್ ತೆಗೆದಿರಬೇಕು.

ಆಯಿಲ್: 85ಡಬ್ಲ್ಯು-140 ಈ ಊರಿನ ಹವೆಗೆ ಬೇಡ, 80ಡಬ್ಲ್ಯು-90 ಸಾಕು. ಹಳೇ ಮಿಲಿಟರಿ ಪುಸ್ತಕದಲ್ಲಿ 'ಮಿಲ್-ಎಲ್-2105' ಅಂತ ಬರೀ ಅಷ್ಟೇ ಇದ್ದರೆ ಅದು ಈಗಿನ ಜಿಎಲ್-4ಕ್ಕೆ ಸಮ. ಕೊನೆಯಲ್ಲಿ ಬಿ, ಸಿ, ಡಿ ಅಕ್ಷರ ಇದ್ದರೆ ಜಿಎಲ್-5. ಈ ಒಂದಕ್ಷರ ಗಮನಿಸದೆ ಸುಮಾರು ಜನ ತಪ್ಪು ಆಯಿಲ್ ಹಾಕ್ತಾರೆ. ಜಿಎಲ್-5ರಲ್ಲಿ ಗಂಧಕ–ರಂಜಕದ ಸೇರಿಕೆ ಜಾಸ್ತಿ. ಅದು ಕ್ರೌನ್–ಪಿನಿಯನ್‌ಗೆ ಬೇಕಾದದ್ದು. ಹಳೇ ಬಾಕ್ಸ್‌ನ ಹಿತ್ತಾಳೆ, ಕಂಚಿನ ಭಾಗ ಬಿಸಿಯಲ್ಲಿ ಅದರಿಂದ ಸವೆಯುವ ಅಪಾಯ ಇದೆ. ಸಿಂಕ್ರೊ ಇಲ್ಲದಿದ್ದರೂ ಒಳಗೆ ಕಂಚಿನ ಬುಷ್, ಥ್ರಸ್ಟ್ ವಾಷರ್ (ಗೇರ್ ಉದ್ದಕ್ಕೆ ಸರಿಯದಂತೆ ತಡೆಯುವ ಬಿಲ್ಲೆ) ಇರಬಹುದು. ಹಾಗಾಗಿ ಬಾಕ್ಸ್‌ಗೆ ಜಿಎಲ್-4, ಆಕ್ಸಲ್‌ಗೆ ಜಿಎಲ್-5.


ಪೀಣ್ಯ ಟರ್ನರ್:

ಮೇಲಿನದೆಲ್ಲ ಸರಿ. ಆದರೆ ಥರ್ಡ್ ಹಾರುವುದಕ್ಕೂ ಕ್ಲಚ್‌ಗೂ ಸಂಬಂಧ ಇಲ್ಲ. ಅದು ಒಳಗಿನ ದೋಷವೇ. ಎಷ್ಟು ಒಳಗೆ ಅನ್ನುವುದಷ್ಟೇ ಪ್ರಶ್ನೆ.

ಇಳಿಜಾರಿನಲ್ಲಿ ಲಿವರ್ ಮೇಲೆ ಎರಡು ಬೆರಳು ಇಟ್ಟು ಆಕ್ಸಿಲರೇಟರ್ ಒತ್ತಿ, ಬಿಡಿ. ಒತ್ತಿದಾಗ ಬಿಟ್ಟಾಗ ಲಿವರ್ ಹಿಂದೆ ಮುಂದೆ ಓಡಾಡುತ್ತಿದ್ದರೆ ಗೇರ್ ಶಾಫ್ಟ್ ಮೇಲೆ ಉದ್ದುದ್ದಕ್ಕೆ ಆಡ್ತಿದೆ, ಇಲ್ಲಾ ಬಾಕ್ಸ್ ಮೌಂಟಿಂಗ್ ರಬ್ಬರ್ ಕೂತಿದೆ. ಲಿವರ್ ಅಲ್ಲಾಡದೆ ಇದ್ದು ಥಟ್ ಅಂತ ಹಾರಿದರೆ ಡಿಟೆಂಟ್ ಸ್ಪ್ರಿಂಗ್ (ಗೇರನ್ನು ಜಾಗದಲ್ಲಿ ಹಿಡಿದಿಡುವುದು) ಅಥವಾ ಡಾಗ್ ಹಲ್ಲು.

ಟಾಪ್ ಕವರ್ ಹೇಗೂ ಬಿಚ್ಚುತ್ತೀರಿ. ನ್ಯೂಟ್ರಲ್‌ನಲ್ಲಿಟ್ಟು ಬಿಚ್ಚಿ. ಡಿಟೆಂಟ್ ಸ್ಪ್ರಿಂಗ್‌ಗಳ ಉದ್ದ ವರ್ನಿಯರ್‌ನಲ್ಲಿ ಅಳೆದು ಒಂದಕ್ಕೊಂದು ಹೋಲಿಸಿ. ಒಂದು ಕುಗ್ಗಿದ್ದರೂ ಅಷ್ಟನ್ನೂ ಬದಲಾಯಿಸಿ. ಸ್ಪ್ರಿಂಗ್ ಕೆಳಗೆ ವಾಷರ್ ಇಟ್ಟು ಬಿಗಿ ಮಾಡುವ ಚಾಳಿ ಇದೆ, ಅದು ಬೇಡ. ಲಿವರ್ ಗಟ್ಟಿಯಾಗುತ್ತೆ, ಗೇರ್ ಹೊರಗೆ ತಳ್ಳುವ ಬಲ ಹಾಗೇ ಇರುತ್ತೆ, ನಡುವೆ ಸಿಕ್ಕಿಕೊಂಡ ಫೋರ್ಕ್ ಪ್ಯಾಡ್ ತಿಂದುಹೋಗುತ್ತೆ. ರೈಲ್‌ಗಳ (ಫೋರ್ಕ್ ಕೂರುವ ಸರಳುಗಳ) ನಡುವಿನ ಇಂಟರ್‌ಲಾಕ್ ಪಿನ್ ಕಳೆದುಹೋಗದಂತೆ ನೋಡಿಕೊಳ್ಳಿ. ಅದಿಲ್ಲದೆ ಜೋಡಿಸಿದರೆ ಒಂದೇ ಸಲ ಎರಡು ಗೇರ್ ಬಿದ್ದು ಬಾಕ್ಸ್ ಲಾಕ್ ಆಗುತ್ತೆ, ಓಡುವಾಗ ಆದರೆ ಕೇಸಿಂಗೇ ಒಡೆಯಬಹುದು.

ಫೋರ್ಕ್ ಮತ್ತು ಸ್ಲೀವ್‌ನ ಕಾಲುವೆಯ ನಡುವೆ ಫೀಲರ್ ಹಾಕಿ. ಸೆಕೆಂಡ್, ಥರ್ಡ್, ಫೋರ್ತ್ ಗೇರ್‌ಗಳ ಉದ್ದುದ್ದದ ಆಟ ಅಳೆಯಿರಿ. ಪುಸ್ತಕ ಇಲ್ಲ ಅಂತ ಚಿಂತೆ ಬೇಡ, ಪಕ್ಕದ ಗೇರೇ ಪುಸ್ತಕ. ಥರ್ಡ್ ಒಂದೇ ಎರಡು ಪಟ್ಟು ಆಡ್ತಿದ್ದರೆ ಉತ್ತರ ಸಿಕ್ಕಿತು. ಅಳತೆ ಇಲ್ಲಿ ಹಾಕಿ.


ಗ್ರೀಸ್ ನಿಪ್ಪಲ್:

ಮುಂದಿನ ಆಕ್ಸಲ್ ಲಿವರ್ ಸಿಕ್ಕಿಕೊಳ್ಳುವುದಕ್ಕೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಡಿ. ನಡುವೆ ಡಿಫರೆನ್ಷಿಯಲ್ ಇಲ್ಲದ ಕೇಸ್‌ಗಳಲ್ಲಿ ಮುಂದಿನ ಹಿಂದಿನ ಪ್ರೊಪೆಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ವ್ಯತ್ಯಾಸ ಟೈರ್ ಜಾರಿ ಸರಿಹೋಗುತ್ತೆ. ಡಾಂಬರಿನ ಮೇಲೆ ಜಾರಲ್ಲ, ಆ ತಿರುಚು ಶಾಫ್ಟ್‌ಗಳಲ್ಲೇ ಕೂತು ಡಾಗ್ ಹಲ್ಲುಗಳನ್ನು ಬಿಗಿಯಾಗಿ ಹಿಡಿಯುತ್ತೆ. ಹೊರಬರಲು ನೇರವಾಗಿ ಹತ್ತಿಪ್ಪತ್ತು ಅಡಿ ರಿವರ್ಸ್ ಬನ್ನಿ, ಲಿವರ್ ಮೇಲೆ ಹಗುರವಾಗಿ ಒತ್ತಡ ಇಟ್ಟಿರಿ, ತಾನಾಗಿ ಬಿಡುತ್ತೆ. ಬರಲಿಲ್ಲ ಅಂದರೆ ಒಂದು ಬದಿಯ ಚಕ್ರ ಮಣ್ಣಿಗೆ ಇಳಿಸಿ. ಪೈಪ್ ಹಾಕಿ ಲಿವರ್ ಎಳೆದರೆ ಫೋರ್ಕ್ ಬಗ್ಗುತ್ತೆ.

ಪದೇ ಪದೇ ಆಗುತ್ತಿದ್ದರೆ ಟೈರ್ ನೋಡಿ. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಹತ್ತು ಸುತ್ತು ಉರುಳಿಸಿ ದೂರ ಅಳೆದು ಹತ್ತರಿಂದ ಭಾಗಿಸಿ. ಮುಂದೆ ಹಿಂದೆ ಎರಡೂ ಕಡೆ. ಗಾಳಿ ಮೊದಲೇ ಸಮ ಮಾಡಿಕೊಳ್ಳಿ.

ಸೀಲ್ ವಿಷಯ: ಎರಡು ಸಲ ಬದಲಾಯಿಸಿದ್ದೀರಿ, ಬ್ರೀದರ್ ನೋಡಿದ್ದೀರಾ? ಬಾಕ್ಸ್ ಮೇಲಿನ ಆ ಸಣ್ಣ ಟೋಪಿ ಬಣ್ಣದಲ್ಲೋ ಮಣ್ಣಿನಲ್ಲೋ ಮುಚ್ಚಿಹೋದರೆ ಬಿಸಿ ಗಾಳಿಗೆ ಸೀಲ್ ತುಟಿ ಬಿಟ್ಟರೆ ಬೇರೆ ದಾರಿ ಇಲ್ಲ. ಬಿಸಿ ಬಾಕ್ಸ್ ಮೇಲೆ ತಣ್ಣೀರು ಬಿದ್ದರೆ ಉಲ್ಟಾ, ಒಳಗೆ ನೀರು ಎಳೆದುಕೊಳ್ಳುತ್ತೆ. ಕೆರೆಯಲ್ಲಿ ಇಳಿಸುವ ಗಾಡಿಗೆ ಇದು ಮುಖ್ಯ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬ್ರೀದರ್ ಸರಿ ಇದ್ದರೆ ಯೋಕ್ (ಪ್ರೊಪೆಲರ್ ಶಾಫ್ಟ್ ಕೂಡುವ ತುದಿ) ಮೇಲೆ ಸೀಲ್ ತುಟಿ ಓಡುವ ಜಾಗದಲ್ಲಿ ಉಗುರು ಓಡಿಸಿ. ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಹೊಸ ಸೀಲನ್ನು ಎರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸಿ, ತುಟಿ ಹೊಸ ಜಾಗದಲ್ಲಿ ಓಡಲಿ. ಗೀರು ಆಳವಾಗಿದ್ದರೆ ತೆಳು ಸ್ಟೀಲ್ ಸ್ಲೀವ್ ಹಾಕಿಸಿ.


ಹೊಸಕೋಟೆ ಫೋರ್ ಬೈ ಫೋರ್:

ಅಳತೆಗಳು:

ಟಾಪ್ ಕವರ್ ಬಿಚ್ಚಿದೆ. ಹಳದಿ ರಿಂಗ್ ಒಂದೂ ಇಲ್ಲ, ಪೂರ್ತಿ ಡಾಗ್. ಡಬಲ್ ಕ್ಲಚ್ ಮಾಡಿದರೆ ಸೆಕೆಂಡ್–ಥರ್ಡ್ ಸದ್ದಿಲ್ಲ.

ಡಿಟೆಂಟ್ ಸ್ಪ್ರಿಂಗ್: 41, 41, 38 ಮಿ.ಮೀ. 38ರ ಕೆಳಗೆ ವಾಷರ್ ಇತ್ತು! ಫೋರ್ಕ್ ಸಂದು: ಥರ್ಡ್–ಫೋರ್ತ್ 1.1, ಉಳಿದವು 0.4. ಉದ್ದುದ್ದದ ಆಟ: ಸೆಕೆಂಡ್ 0.25, ಥರ್ಡ್ 0.75, ಫೋರ್ತ್ 0.30.

ಕ್ಲಚ್ ರಾಡ್ ಲಿಂಕೇಜ್. ಪೆಡಲ್ ಪೂರ್ತಿ ಒತ್ತಿದಾಗ ಸಂದು ಒಂದು ಕಡೆ 0.2, ಇನ್ನೊಂದು ಕಡೆ ಫೀಲರ್ ಹೋಗಲೇ ಇಲ್ಲ. ಮೂರು ಪಿನ್, ಬುಷ್ ಹೊಸದು ಹಾಕಿ ಫ್ರೀ ಪ್ಲೇ ಸರಿ ಮಾಡಿದ ಮೇಲೆ 0.6 ಮತ್ತು 0.3. ರಿವರ್ಸ್ ಸುಧಾರಿಸಿದೆ, ಆದರೆ ಬಿಸಿಯಾದ ಮೇಲೆ ಇನ್ನೂ ಸ್ವಲ್ಪ ಕರಕರ.

ಬ್ರೀದರ್ ಮೇಲೆ ಮೂರು ಪದರ ಹಸಿರು ಬಣ್ಣ. ಟೈರ್ ಸುತ್ತಳತೆ ಮುಂದೆ 3.40 ಮೀಟರ್, ಹಿಂದೆ 3.34.


ಗ್ರೀಸ್ ನಿಪ್ಪಲ್:

ಲೆಕ್ಕ ಹಾಕಿ. ಒಂದು ಕಿಲೋಮೀಟರ್‌ಗೆ ಮುಂದಿನ ಚಕ್ರ 294 ಸುತ್ತು, ಹಿಂದಿನದು ಸುಮಾರು 299. ಐದು ಸುತ್ತಿನ ವ್ಯತ್ಯಾಸ. ಆಕ್ಸಲ್ ರೇಶಿಯೊ ಆರು ಅಂತ ಇಟ್ಟುಕೊಂಡರೂ ಪ್ರೊಪೆಲರ್ ಶಾಫ್ಟ್‌ನಲ್ಲಿ ಮೂವತ್ತು ಸುತ್ತು ಎಲ್ಲಾದರೂ ಹೋಗಬೇಕು. ಲಿವರ್ ಸಿಕ್ಕಿಕೊಳ್ಳದೆ ಇದ್ದಿದ್ದರೆ ಆಶ್ಚರ್ಯ. ಹಿಂದಿನವಕ್ಕೆ ಹೊಸ ಟೈರ್, ಅದೇ ಕಂಪನಿ, ಅದೇ ಪ್ಯಾಟರ್ನ್.


ಡಬಲ್ ಕ್ಲಚ್:

0.6, 0.3 ಅಂದರೆ ಪ್ಲೇಟ್ ಸೊಟ್ಟ ಇರಬಹುದು, ಇಲ್ಲಾ ಪ್ರೆಷರ್ ಪ್ಲೇಟ್ ಫಿಂಗರ್‌ಗಳು (ಅದನ್ನು ಹಿಂದಕ್ಕೆ ಎಳೆಯುವ ಸನ್ನೆಗಳು) ಒಂದೇ ಎತ್ತರದಲ್ಲಿಲ್ಲ. ಬಿಸಿಯಾದಾಗ ಜಾಸ್ತಿ ಆಗುವುದು ನೋಡಿದರೆ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಮೇಲೂ ಅನುಮಾನ. ಅದು ಒಣಗಿ ಹಿಡಿದರೆ ಪ್ಲೇಟ್ ಬಿಟ್ಟರೂ ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇರುತ್ತೆ. ಥರ್ಡ್ 0.75ಕ್ಕೆ ಹೇಗೂ ಬಾಕ್ಸ್ ಇಳಿಸಬೇಕು, ಆಗ ಎರಡೂ ಸಿಗುತ್ತವೆ.

ಪ್ಲೇಟ್ ಸೊಟ್ಟ ಆಗುವುದು ಸಾಮಾನ್ಯವಾಗಿ ಓಡಿಸುವಾಗ ಅಲ್ಲ, ಬಾಕ್ಸ್ ಏರಿಸುವಾಗ. ಬೋಲ್ಟ್ ಸಿಗುವ ಮೊದಲೇ ಜಾಕ್ ಇಳಿಸಿದರೆ ಬಾಕ್ಸ್‌ನ ಇಡೀ ಭಾರ ಇನ್‌ಪುಟ್ ಶಾಫ್ಟ್ ಮೂಲಕ ಪ್ಲೇಟಿನ ಹಬ್ ಮೇಲೆ ನೇತಾಡುತ್ತೆ. ಅರ್ಧ ನಿಮಿಷ ಸಾಕು. ಅದಕ್ಕೇ ಮೇಲಿನ ಎರಡು ಬೋಲ್ಟ್ ತೆಗೆದು ಅಲ್ಲಿ ತಲೆಯಿಲ್ಲದ ಉದ್ದ ಗೈಡ್ ಸ್ಟಡ್ ಹಾಕಿ, ಅದೇ ಥ್ರೆಡ್‌ನದು, 150 ಮಿಲಿಮೀಟರ್ ಆದರೂ ಇರಲಿ. ಬಾಕ್ಸ್ ಅದರ ಮೇಲೆ ಜಾರಿ ನೇರವಾಗಿ ಹೊರಬರುತ್ತೆ, ಹಾಗೇ ಒಳಗೆ ಹೋಗುತ್ತೆ. ಕೆಳಗೆ ಮರದ ತೊಟ್ಟಿಲಿರುವ ಜಾಕ್, ಮೇಲಿಂದ ಚೈನ್ ಬ್ಲಾಕ್. ಇಬ್ಬರು ಹಿಡಿದು ಇಳಿಸುವ ತೂಕ ಅಲ್ಲ ಇದು. ಪ್ರೊಪೆಲರ್ ಶಾಫ್ಟ್ ಬಿಚ್ಚುವ ಮೊದಲು ಎರಡೂ ತುದಿಯ ಯೋಕ್ ಮೇಲೆ ಪಂಚ್ ಗುರುತು ಹಾಕಿ. ಒಂದು ಸ್ಪ್ಲೈನ್ ತಪ್ಪಿಸಿ ಹಾಕಿದರೆ ಬರುವ ಅದುರು ಬಾಕ್ಸ್ ಬೇರಿಂಗ್ ಸದ್ದಿನ ಹಾಗೇ ಕೇಳಿಸುತ್ತೆ.

ಇಳಿಸಿದ ಮೇಲೆ ಫ್ಲೈವೀಲ್‌ಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗ್ ರಂಧ್ರದ ಸುತ್ತ ಒಂದು ಸುತ್ತು ತಿರುಗಿಸಿ. ಮುಳ್ಳು 0.20 ದಾಟಿದರೆ ಹೌಸಿಂಗ್ ಕೇಂದ್ರದಲ್ಲಿಲ್ಲ. ಡೋವೆಲ್ ಪಿನ್ ನೋಡಿ, ಬೇರೆ ಗಾಡಿಯ ಬಾಕ್ಸ್ ಹಾಕಿದವರು ಇದನ್ನು ಬಿಟ್ಟುಬಿಟ್ಟಿರುತ್ತಾರೆ.


ಹೊಗೆ ಕೊಳವೆ:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಹಳೇ ಟಾಟ್ರಾ ಟ್ರಕ್‌ನಲ್ಲಿ ಸ್ಪ್ಲಿಟರ್ (ಪ್ರತಿ ಗೇರನ್ನೂ ಲೋ, ಹೈ ಅಂತ ಎರಡು ಮಾಡುವುದು) ಲೋ ಕಡೆ ಹೋಗುತ್ತೆ, ಹೈ ಕಡೆ ಬರಲ್ಲ. ಅದೂ ಫೋರ್ಕ್ ಸವೆತಾನಾ?


ಡಬಲ್ ಕ್ಲಚ್:

ಫೋರ್ಕ್‌ಗಿಂತ ಮೊದಲು ಗಾಳಿ. ಬಿಇಎಂಎಲ್ 1986ರಿಂದ ತಂದ ಟಾಟ್ರಾಗಳಲ್ಲಿ ಸ್ಪ್ಲಿಟರ್ ಬದಲಾಗುವುದು ಗಾಳಿಯಿಂದ. ಲಿವರ್ ಮೇಲಿನ ಸ್ವಿಚ್‌ನಲ್ಲಿ ಮೊದಲೇ ಆರಿಸಿಟ್ಟು ಕ್ಲಚ್ ಪೂರ್ತಿ ಒತ್ತಿದಾಗ ಬೀಳುತ್ತೆ. ಅರ್ಧ ಒತ್ತುವ ಡ್ರೈವರ್ ಕೈಯಲ್ಲಿ ಸರಿ ಇರುವ ಸ್ಪ್ಲಿಟರೂ ಕೆಲಸ ಮಾಡಲ್ಲ. ಗಾಳಿ ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ, ಹೈ ಕಡೆಯ ಪೈಪ್ ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ. ಆಮೇಲೆ ಸಿಲಿಂಡರ್ ಹತ್ತಿರದ ಪೈಪ್ ಸ್ವಲ್ಪ ಸಡಿಲಿಸಿ ಗಾಳಿ ಅಲ್ಲಿವರೆಗೆ ಬರುತ್ತಾ ನೋಡಿ. ಬರುತ್ತಿದ್ದೂ ಬದಲಾಗದಿದ್ದರೆ ಪಿಸ್ಟನ್ ಓ-ರಿಂಗ್. ಬರದಿದ್ದರೆ ವಾಲ್ವ್, ಅಥವಾ ಅದಕ್ಕೆ ಬರುವ ವೈರಿನ ತುಕ್ಕು. ಮಳೆಗಾಲದಲ್ಲಿ ಟ್ಯಾಂಕ್ ನೀರು ದಿನಾ ಬಿಡದಿದ್ದರೆ ವಾಲ್ವ್ ಒಳಗೆ ತುಕ್ಕು ಗ್ಯಾರಂಟಿ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆರೆಯಿರಿ. ಟಾಟ್ರಾದ ಬಾಕ್ಸ್ ಬೆನ್ನೆಲುಬಿನ ಟ್ಯೂಬ್‌ಗೇ ಸೇರಿರುವುದರಿಂದ ಇಲ್ಲಿ ಹೇಳಿದ ಇಳಿಸುವ ಕ್ರಮ ಅದಕ್ಕೆ ಹೊಂದಲ್ಲ.


ಹೊಸಕೋಟೆ ಫೋರ್ ಬೈ ಫೋರ್:

ಬಾಕ್ಸ್ ಇಳಿಯಿತು. ಕ್ಲಚ್ ಪ್ಲೇಟ್ ಅಂಚಿನಲ್ಲಿ 1.6 ಮಿ.ಮೀ. ಸೊಟ್ಟ. ಪೈಲಟ್ ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಮರಳು ಇದ್ದ ಹಾಗೆ. ಬೆಲ್ ಹೌಸಿಂಗ್ 0.12. ಥರ್ಡ್‌ನ ಥ್ರಸ್ಟ್ ವಾಷರ್ ಒಂದು ಬದಿ ತಿಂದಿದೆ, ಡಾಗ್ ಹಲ್ಲು ಇಳಿಜಾರಿನಲ್ಲಿ ಭಾರ ಹೊರುವ ಕಡೆ ದುಂಡಾಗಿದೆ. ಮ್ಯಾಗ್ನೆಟ್ ಪ್ಲಗ್ ಮೇಲೆ ಬೂದು ಪೇಸ್ಟ್, ತುಂಡುಗಳಿಲ್ಲ.


ಪೀಣ್ಯ ಟರ್ನರ್:

ಬೂದು ಪೇಸ್ಟ್ ಮಾಮೂಲು ಸವೆತ, ಹೆದರಬೇಡಿ. ಚೂಪಾದ ಚೂರು ಸಿಕ್ಕಿದ್ದರೆ ಹಲ್ಲಿನದು, ತೆಳ್ಳನೆ ಹೊಳೆಯುವ ಹಾಳೆಯಂಥದ್ದು ಸಿಕ್ಕಿದ್ದರೆ ಬೇರಿಂಗ್ ಟ್ರ್ಯಾಕಿನದು.

ದುಂಡಾದ ಡಾಗ್ ಹಲ್ಲನ್ನು ಗ್ರೈಂಡರ್‌ನಲ್ಲಿ ಚೂಪು ಮಾಡಿಕೊಡ್ತೀವಿ ಅನ್ನುವವರು ಸಿಗ್ತಾರೆ. ಬೇಡ. ಗಟ್ಟಿ ಪದರ ಒಂದು ಮಿಲಿಮೀಟರ್ ಆಸುಪಾಸು ಮಾತ್ರ, ಅದು ಹೋದರೆ ಒಳಗಿನದು ಮೆತ್ತಗೆ. ಸ್ಲೀವ್ ಎರಡೂ ಬದಿ ಒಂದೇ ಥರ ಇದ್ದರೆ ತಿರುಗಿಸಿ ಹಾಕಬಹುದು. ಆದರೆ ಸವೆದ ಬದಿ ಆಗ ಫೋರ್ತ್ ಕಡೆಗೆ ಬರುತ್ತೆ, ನೆನಪಿರಲಿ. ಗೇರ್ ಬೇಕಾದರೆ ಮೊದಲು ಶಿವಾಜಿನಗರದ ಗುಜರಿ, ಆಮೇಲೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ. ಹಳೇ ಗೇರ್ ಕೈಯಲ್ಲೇ ಹಿಡಿದುಕೊಂಡು ಹೋಗಿ, ಹಲ್ಲು ಎಣಿಸಿ, ಬೋರ್ ಅಳೆದು ತಗೊಳ್ಳಿ. ಸಿಗದಿದ್ದರೆ ಪೀಣ್ಯದಲ್ಲಿ ಕತ್ತರಿಸಿಕೊಡುತ್ತಾರೆ. 20ಎಂಎನ್‌ಸಿಆರ್5 ಉಕ್ಕು, ಕೇಸ್ ಕಾರ್ಬರೈಸಿಂಗ್, ಹಲ್ಲಿನ ಮೇಲ್ಮೈ 58ರಿಂದ 62 ಎಚ್‌ಆರ್‌ಸಿ ಅಂತ ಚೀಟಿಯಲ್ಲಿ ಬರೆಸಿ, ತಗೊಳ್ಳುವಾಗ ಹಾರ್ಡ್‌ನೆಸ್ ಅಳೆಸಿ ನೋಡಿ. ಜೊತೆಯ ಲೇ ಶಾಫ್ಟ್ ಹಲ್ಲು ಸವೆದಿದ್ದರೆ ಜೋಡಿಯಾಗಿಯೇ ಮಾಡಿಸಿ, ಇಲ್ಲದಿದ್ದರೆ ಹೊಸದು ಕೂಗುತ್ತೆ.

ಬೇರಿಂಗ್ ಕೊಳ್ಳುವಾಗ ಬರೀ ಅಂಕಿ ಹೇಳಬೇಡಿ. ಉದಾಹರಣೆಗೆ 6310 ಅಂದರೆ ಬೋರ್ 50 (ಕೊನೆಯ ಎರಡಂಕಿ ಐದರಿಂದ ಗುಣಿಸಿ), ಹೊರಗೆ 110, ಅಗಲ 27. ಅದರ ಪಕ್ಕ 'ಎನ್‌ಆರ್' ಇದ್ದರೆ ಹೊರ ವಲಯದಲ್ಲಿ ಸ್ನ್ಯಾಪ್ ರಿಂಗ್ ಕೂರುವ ಕಾಲುವೆ, ಅದರ ರಿಂಗ್ ಎರಡೂ ಇವೆ ಅಂತ. ಅದಿಲ್ಲದ್ದು ತಂದರೆ ಶಾಫ್ಟ್ ಉದ್ದಕ್ಕೆ ನಿಲ್ಲಲ್ಲ, ಮತ್ತೆ ಗೇರ್ ಹಾರುತ್ತೆ. ಹಾಕುವಾಗ ಆಯಿಲ್‌ನಲ್ಲಿ 100 ಡಿಗ್ರಿವರೆಗೆ ಬಿಸಿ ಮಾಡಿ, 120 ದಾಟಬಾರದು. ಗ್ಯಾಸ್ ಟಾರ್ಚ್ ಮುಟ್ಟಿಸಬೇಡಿ. ಪೈಲಟ್ ಬೇರಿಂಗ್‌ಗೆ ಎರಡೂ ಕಡೆ ರಬ್ಬರ್ ಸೀಲ್ ಇರುವುದು.

ಫ್ರಂಟ್ ಕವರ್ ಪ್ಯಾಕಿಂಗ್ ಹಳೇದರಷ್ಟೇ ದಪ್ಪ ಇರಬೇಕು, ಅದರ ಆಯಿಲ್ ರಿಟರ್ನ್ ರಂಧ್ರ ಕವರ್ ರಂಧ್ರಕ್ಕೆ ಸರಿಯಾಗಿ ಕೂರಬೇಕು. ತಿರುವುಮುರುವು ಆದರೆ ರಂಧ್ರ ಮುಚ್ಚಿ ಆಯಿಲ್ ಕ್ಲಚ್ ಮೇಲೆ ಬರುತ್ತೆ. ಏರಿಸುವ ಮೊದಲು ಬೆಂಚ್ ಮೇಲೆ ಇನ್‌ಪುಟ್ ಕೈಯಲ್ಲಿ ತಿರುಗಿಸುತ್ತಾ ಐದೂ ಗೇರ್, ರಿವರ್ಸ್ ಹಾಕಿ ನೋಡಿ. ಥರ್ಡ್ ಆಟ ಮತ್ತೆ ಅಳೆಯಿರಿ, 0.30 ಹತ್ತಿರ ಬರಬೇಕು. ಥ್ರಸ್ಟ್ ವಾಷರ್ ಎರಡು ಮೂರು ದಪ್ಪದಲ್ಲಿ ಮಾಡಿಸಿಟ್ಟುಕೊಂಡರೆ ಮತ್ತೆ ಓಡಾಡುವುದು ತಪ್ಪುತ್ತೆ.


ಡಬಲ್ ಕ್ಲಚ್:

ಪ್ಲೇಟ್ ಕೂರಿಸಲು ಹಳೇ ಇನ್‌ಪುಟ್ ಶಾಫ್ಟ್ ಯಾವುದಾದರೂ ಗುಜರಿಯಲ್ಲಿ ಸಿಕ್ಕರೆ ಡಮ್ಮಿಯಾಗಿ ಇಟ್ಟುಕೊಳ್ಳಿ, ಅಂದಾಜಿನಲ್ಲಿ ಬೇಡ. ಫಿಂಗರ್‌ಗಳ ಎತ್ತರ ಒಂದಕ್ಕೊಂದು ಅರ್ಧ ಮಿಲಿಮೀಟರ್ ಒಳಗೆ ಇರಲಿ. ಹೊಸ ಗೇರ್ ಹಾಕಿದ್ದರಿಂದ ಮೊದಲ ಆಯಿಲ್ 500 ಕಿಲೋಮೀಟರ್‌ಗೆ, ಬಿಸಿ ಇರುವಾಗಲೇ ಇಳಿಸಿ, ಮ್ಯಾಗ್ನೆಟ್ ಪ್ಲಗ್‌ನ ಫೋಟೊ ಹಾಕಿ. ಮಟ್ಟ ನೋಡುವುದು ಸಮತಟ್ಟಿನಲ್ಲಿ, ಲೆವೆಲ್ ಪ್ಲಗ್‌ನ ಕೆಳ ಅಂಚಿಗೆ. ಅದಕ್ಕಿಂತ ಮೇಲೆ ತುಂಬಿದರೆ ನೊರೆ ಬಂದು ಅದೇ ಹಿಂದಿನ ಸೀಲ್ ಮತ್ತೆ ಸೋರುತ್ತೆ.